ಒಸಡಿನ ನೀಲಿ

ನಮ್ಮ ಮನೆಯ ಬಾಗಿಲು ಯಾವುದೋ ಹಳೆಯ ವ್ಯಾನಿನದು. ತಳ್ಳಿದರೆ ತೆರೆಯುತ್ತಿರಲಿಲ್ಲ, ಪಕ್ಕಕ್ಕೆ ಎಳೆಯಬೇಕಿತ್ತು. ಎಳೆದರೆ ಕಂಬಿಯ ಮೇಲೆ ಗರಗರ ಸದ್ದು ಮಾಡುತ್ತ ಜಾರಿ, ನಾವು ಎದ್ದೆವೆಂದು ಇಡೀ ಓಣಿಗೆ ಸಾರುತ್ತಿತ್ತು. ಬಚ್ಚಲಿಗೆ ಮರೆಯಾಗಿ ನಿಂತದ್ದು ಜೀಪಿನ ಬಾನೆಟ್ಟು. ಅಡುಗೆಮನೆಯ ಕಿಟಕಿಗೆ ಅಂಬಾಸಿಡರ್ ಕಾರಿನ ಹಿಂದಿನ ಗಾಜು. ಅಜ್ಜಿ ಬಿಸಿಲು ಕಾಯಿಸುತ್ತ ಕೂರುತ್ತಿದ್ದದ್ದು ಲಾರಿ ಡ್ರೈವರನ ಸೀಟಿನ ಮೇಲೆ, ಅವ್ವ ತಲೆ ಬಾಚುತ್ತಿದ್ದದ್ದು ಬಸ್ಸಿನ ಪಕ್ಕದ ಕನ್ನಡಿಯಲ್ಲಿ. ರಾಯದುರ್ಗದಲ್ಲಿ ಬಳ್ಳಾರಿ ರಸ್ತೆಗೆ ಮುಖ ಮಾಡಿದ ಅಪ್ಪನ ತಗಡಿನ ಶೆಡ್ಡು, ಅದರ ಬೆನ್ನಿಗೆ ಅಂಟಿಕೊಂಡ ಎರಡು ಕೋಣೆ. ಇಷ್ಟೇ ನಮ್ಮ ಮನೆ. ಬಾಲ್ಯದ ಮನೆಯನ್ನು ನೆನೆದು ಕಣ್ಣು ತೇವ ಮಾಡಿಕೊಳ್ಳುವವರನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ನನಗೆ ಆ ಮನೆ ನೆನಪಾದರೆ ಮೊದಲು ಬರುವುದು ಸಿಟ್ಟು, ಉಳಿದದ್ದೆಲ್ಲ ಅದರ ಹಿಂದೆ. ಇಷ್ಟು ವಯಸ್ಸಾದ ಮೇಲೂ ಅದು ತಣ್ಣಗಾಗಿಲ್ಲ, ತಣ್ಣಗಾಗಲಿ ಎಂದು ನಾನು ಕಾದೂ ಇಲ್ಲ.

ನಾವು ಮೂಲತಃ ಮಡಕಶಿರದ ಕಡೆಯವರು, ಅಮರಾಪುರದ ಹತ್ತಿರದ ಹಳ್ಳಿ. ಅಪ್ಪ ಹಿಂದೂಪುರದ ಒಂದು ಗ್ಯಾರೇಜಿನಲ್ಲಿ ಟಿಂಕರಿಂಗ್ ಕಲಿತವನು, ಅಂದರೆ ಬಡಿಸಿಕೊಂಡು ತಗ್ಗುಬಿದ್ದ ಗಾಡಿಗಳ ತಗಡನ್ನು ನೆಟ್ಟಗೆ ಮಾಡುವ ಕೆಲಸ. ರಾಯದುರ್ಗದಲ್ಲಿ ಓಣಿಗೊಂದರಂತೆ ಜೀನ್ಸ್ ಹೊಲಿಯುವ ಗಾರ್ಮೆಂಟ್ಸ್ ಎದ್ದಾಗ ಬಟ್ಟೆಯ ಗಂಟು ಸಾಗಿಸಲು ಎಲ್ಲೆಲ್ಲಿಂದಲೋ ಮುದಿ ವ್ಯಾನುಗಳು, ಜೀಪುಗಳು ಬಂದು ಸೇರಿದವು. ಮುದಿ ಗಾಡಿಗೆ ಗಾಯ ಹೆಚ್ಚು. ಗಾಯ ಹೆಚ್ಚಿದ್ದಲ್ಲಿ ಅಪ್ಪನಿಗೆ ಕೆಲಸ. ಹಾಗೆ ಅಜ್ಜಿಯನ್ನೂ ಅವ್ವನನ್ನೂ ಮಗುವಾಗಿದ್ದ ನನ್ನನ್ನೂ ಕಟ್ಟಿಕೊಂಡು ಬಂದುಬಿಟ್ಟ. ಓಣಿಯವರೆಲ್ಲ ಜೋಳದ ರೊಟ್ಟಿ ಬಡಿಯುವವರು, ನಾವು ರಾಗಿಮುದ್ದೆ ತಿರುವುವವರು. ಅವರದು ಬರ್ರಿ, ಹೋಗ್ರಿ ಎನ್ನುವ ಮಾತು, ನಮ್ಮದು ಬಾ ಕಣೆ, ಹೋಗು ಕಣೆ. ನಮ್ಮ ಮಾತು ಕೇಳಿ ಅವರಿಗೆ ನಗು, ಅವರ ರೊಟ್ಟಿ ಅಗಿದು ಅಜ್ಜಿಯ ಬೊಚ್ಚುಬಾಯಿಗೆ ನೋವು.

ಅಪ್ಪನಿಗೆ ಪೇಂಟಿನ ಅಂಗಡಿಯ ಪುಟ್ಟಿ ಎಂದರೆ ಆಗುತ್ತಿರಲಿಲ್ಲ. ತಗ್ಗಿಗೆ ಪುಟ್ಟಿ ಮೆತ್ತಿ, ಉಜ್ಜಿ, ಮೇಲೆ ಬಣ್ಣ ಹೊಡೆದು ಕಳಿಸುವವರನ್ನು ಅವನು ಕಳ್ಳರ ಲೆಕ್ಕಕ್ಕೆ ಸೇರಿಸಿದ್ದ. ಅವನದು ಹಳೆಯ ಪದ್ಧತಿ. ತಗ್ಗನ್ನು ಒಳಗಿನಿಂದ ಬಡಿದು ಎತ್ತಿ, ತಗಡು ಬೆಳ್ಳಗಾಗುವ ತನಕ ಉಜ್ಜಿ, ಆಸಿಡ್ ಸವರಿ, ಸೀಸ ಮತ್ತು ತವರ ಬೆರೆತ ಕಡ್ಡಿಯನ್ನು ಉರಿಯಲ್ಲಿ ಕರಗಿಸಿ ತುಂಬುತ್ತಿದ್ದ. ಕಡ್ಡಿ ಪೂರ್ತಿ ನೀರಾದರೆ ಜಾರಿ ಕೆಳಗೆ ಬೀಳುತ್ತದೆ, ಗಟ್ಟಿಯಾದರೆ ಹರಡುವುದಿಲ್ಲ. ಬೆಣ್ಣೆಯ ಹದದಲ್ಲಿ ಇರುವಾಗಲೇ ಎಣ್ಣೆ ಸವರಿದ ಮರದ ಪಟ್ಟಿಯಿಂದ ಒತ್ತಿ ಹರಡಬೇಕು. ಆರಿದ ಮೇಲೆ ಅರದಿಂದ ಉಜ್ಜಬೇಕು. ಉಜ್ಜಿದಾಗ ಉದುರುವ ಬೂದುಬಣ್ಣದ ಪುಡಿ ಶೆಡ್ಡಿನಿಂದ ಒಳಮನೆಗೆ ಬಂದು ಹಾಸಿಗೆಯ ಮೇಲೆ, ನೀರಿನ ಕೊಡದ ಮೇಲೆ, ನನ್ನ ಸ್ಲೇಟಿನ ಮೇಲೆ ಕೂರುತ್ತಿತ್ತು. ಗಾಡಿಯ ಯಜಮಾನರು ಬಂದು ಬೆರಳಾಡಿಸಿ, “ಎಕ್ಕಡ ತಗಿಲಿಂದೋ ಕನಿಪಿಂಚಡಮೇ ಲೇದಯ್ಯಾ!” ಎಂದು ತೆಲುಗಿನಲ್ಲಿ ಹೊಗಳುವರು. ಎಲ್ಲಿ ಬಡಿದಿತ್ತು ಎನ್ನುವುದೇ ಕಾಣಬಾರದು. ಅಪ್ಪನಿಗೆ ಅದಕ್ಕಿಂತ ದೊಡ್ಡ ಮರ್ಯಾದೆ ಈ ಲೋಕದಲ್ಲಿ ಇರಲಿಲ್ಲ. ಕೆಲಸದಲ್ಲಿ ಅವನು ಮೋಸಗಾರನಲ್ಲ ಎಂದು ನಾನು ಇವತ್ತಿಗೂ ಹೇಳುತ್ತೇನೆ. ಮನೆಯ ವಿಷಯ ಬೇರೆ.

ಊರಿನಿಂದ ಬರುವಾಗ ಅಜ್ಜಿ ತನ್ನ ಜೊತೆ ತಂದದ್ದು ತವರಿನವರು ಕೊಟ್ಟ ಒಂದು ಹಿತ್ತಾಳೆ ತಪ್ಪಲೆ. ಸಾರು ಅದರಲ್ಲೇ ಕುದಿಯಬೇಕು. ಸ್ಟೀಲಿನ ಪಾತ್ರೆಯಲ್ಲಿ ಕುದಿಸಿದ ಸಾರು ಆಸ್ಪತ್ರೆಯ ಗಂಜಿಯ ಹಾಗೆ ಎಂದು ಅಜ್ಜಿಯ ತೀರ್ಮಾನ. ಹಿತ್ತಾಳೆಯಲ್ಲಿ ಹುಳಿ ಕುದಿಸಬೇಕಾದರೆ ಒಳಗೆ ಕಲಾಯಿ ಇರಬೇಕು, ಇಲ್ಲದಿದ್ದರೆ ಸಾರು ಕಿಲುಬುತ್ತದೆ. ಊರಿನಲ್ಲಾದರೆ ಸುಗ್ಗಿ ಮುಗಿದ ಮೇಲೆ ಕಲಾಯಿಯವರು ತಿದಿ ಹೊತ್ತು ಬಂದು, ಬೇವಿನ ಮರದ ಕೆಳಗೆ ಕುಣಿ ತೋಡಿ, ಊರಿನ ಪಾತ್ರೆಗಳಿಗೆಲ್ಲ ಬೆಳ್ಳಿಯ ಹೊಳಪು ಕೊಟ್ಟು ಹೋಗುತ್ತಿದ್ದರು. ರಾಯದುರ್ಗದಲ್ಲಿ ಮನೆಮನೆಗೂ ಸ್ಟೀಲು ಬಂದಿತ್ತು, ಕಲಾಯಿಯವರು ಕಾಣುವುದೇ ಅಪರೂಪವಾಗಿತ್ತು. ತಪ್ಪಲೆಯ ತಳದಲ್ಲಿ ಹಳದಿ ಇಣುಕಿದಾಗ ಅಜ್ಜಿ ದಿನವೂ ಗೊಣಗತೊಡಗಿದಳು. ಒಂದು ಅಮಾವಾಸ್ಯೆ, ಶೆಡ್ಡಿಗೆ ರಜೆ, ಅಪ್ಪ ತಪ್ಪಲೆಯನ್ನು ಎತ್ತಿಕೊಂಡು ಹೊರಗೆ ಹೋದ.

“ಗಾಡಿಗೆ ಮೈ ಕೊಡೋನು ನಾನು, ಒಂದು ತಪ್ಪಲೆಗೆ ಕಲಾಯಿ ಮಾಡಕ್ಕೆ ಆಗಕ್ಕಿಲ್ವೇನವ್ವ? ಕಲಾಯಿನೂ ತವರನೇ, ನನ್ನ ಕಡ್ಡೀನಾಗೂ ತವರ ಐತೆ. ಎಲ್ಡೂ ಒಂದೇ ಬಿಡು.”

ನಾನು ಪಕ್ಕದಲ್ಲೇ ಕೂತು ನೋಡಿದೆ. ತಪ್ಪಲೆಯನ್ನು ಕಾಯಿಸಿ, ನವಸಾಗರದ ಪುಡಿ ಉದುರಿಸಿ, ಗಾಡಿಗೆ ತುಂಬುವ ಅದೇ ಕಡ್ಡಿಯನ್ನು ತಳಕ್ಕೆ ತಾಕಿಸಿದ. ಬಿಳಿ ಹೊಗೆ ಎದ್ದಿತು. ಹತ್ತಿಯ ಉಂಡೆಯಿಂದ ಒಂದೇ ಸುತ್ತು ಸವರಿದ. ಒಳಗೆಲ್ಲ ಹೊಳಪು ಹರಡಿತು. ಕಲಾಯಿಯ ಬಿಳುಪಲ್ಲ ಅದು, ಸ್ವಲ್ಪ ಮಬ್ಬು. ಆದರೆ ಅಜ್ಜಿ ಅದರಲ್ಲಿ ತನ್ನ ಮುಖ ನೋಡಿಕೊಂಡು, ಮಗನ ಕೆನ್ನೆ ಸವರಿ, ಬೆರಳು ಮುರಿದು ದೃಷ್ಟಿ ತೆಗೆದಳು. ಅವತ್ತಿನಿಂದ ನಮ್ಮ ಮನೆಯ ತಪ್ಪಲೆಗೆ ಮಾತ್ರವಲ್ಲ, ಅವ್ವ ಮಜ್ಜಿಗೆ ಹಾಕಿಡುವ ಚೊಂಬಿಗೂ ಅಪ್ಪನದೇ ಕಲಾಯಿ. ಸವೆದಾಗಲೆಲ್ಲ ಮತ್ತೆ ಹಾಕುತ್ತಿದ್ದ.

ಸಾರಿನ ರುಚಿಯೂ ಬದಲಾಯಿತು. ಹುಣಸೆಹುಳಿ ಎಷ್ಟೇ ಕಿವುಚಿದರೂ ಅದರ ಮೊನೆ ನಾಲಿಗೆಗೆ ತಾಗುತ್ತಿರಲಿಲ್ಲ. ಹಿಂದಿನಿಂದ ಒಂದು ತೆಳು ಸಿಹಿ ಬರುತ್ತಿತ್ತು. ಅಜ್ಜಿ ಮುದ್ದೆ ಅದ್ದಿ ನುಂಗಿ ಬಾಯಿ ಚಪ್ಪರಿಸುವಳು.

“ಸಾರಿಗೆ ಬೆಲ್ಲ ಹಾಕಿದ್ಯೇನೆ ಸಾವಿತ್ರಿ? ನಾಲಿಗೆಗೆ ಬಲು ಇತವಾಗೈತೆ.”

“ಇಲ್ಲತ್ತೆ, ಬೆಲ್ಲ ಎಲ್ಲಿ ಹಾಕ್ಲಿ.”

“ಅಂಗಾರೆ ನನ್ ಮಗನ ಕೈಗುಣ ಬಿಡು.”

ಮಗನ ಕೈಗುಣ. ಆ ಮಾತನ್ನು ಊಟದ ಹೊತ್ತಿನಲ್ಲಿ ಅಜ್ಜಿ ಎಷ್ಟು ಸಲ ಹೇಳಿದಳೋ. ಅಪ್ಪ ತಟ್ಟೆ ನೋಡುತ್ತ ಒಳಗೇ ಹಿಗ್ಗುವನು. ಅವ್ವ ಕೊನೆಯಲ್ಲಿ, ತಳದಲ್ಲಿ ಗಟ್ಟಿಯಾಗಿ ಉಳಿದ ಸಾರನ್ನು ಮುದ್ದೆಯ ಚೂರಿನಿಂದ ಬಳಿದುಕೊಂಡು ಉಣ್ಣುವಳು. ಮನೆಯ ಹೆಂಗಸರ ಪಾಲಿಗೆ ಬರುವುದು ಯಾವತ್ತೂ ತಳದ್ದೇ ತಾನೆ.

ಅವ್ವ ಗಾರ್ಮೆಂಟ್ಸಿಗೆ ಹೋಗತೊಡಗಿದ್ದು ಆ ಹೊತ್ತಿನಲ್ಲೇ. ಎದುರು ಮನೆಯ ಗಂಗಮ್ಮ ಕರೆದುಕೊಂಡು ಹೋಗಿ ಸೇರಿಸಿದಳು. ಅಜ್ಜಿಗೆ ಇಷ್ಟವಿರಲಿಲ್ಲ. ಅಪ್ಪ ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ, ಅವನದು ಯಾವಾಗಲೂ ಅಷ್ಟೇ. ಅವ್ವನಿಗೆ ಕೊಟ್ಟದ್ದು ಪ್ಯಾಂಟಿನ ಹಿಂಜೇಬು ಕೂರಿಸುವ ಕೆಲಸ. ಅವಳು ಅದನ್ನು ಬೇಗ ಕಲಿತಳು. ಸಂಜೆ ಬಂದಾಗ ಅವಳ ಬೆರಳ ತುದಿಗಳು ನೀಲಿ, ಮೂಗಿನ ಹೊಳ್ಳೆ ನೀಲಿ, ಸೆರಗಿನ ಅಂಚು ನೀಲಿ. ರಾಯದುರ್ಗದ ಹೆಂಗಸರೆಲ್ಲ ಆಗ ಹಾಗೇ ಇದ್ದರು. ಆದರೆ ಅವಳ ಮುಖ ಬೇರೆಯಾಗಿತ್ತು. ಯಾರು ಯಾರನ್ನು ಛೇಡಿಸಿದರು, ಮೇಸ್ತ್ರಿ ಯಾರ ಮೇಲೆ ಕೂಗಾಡಿದ, ಯಾರ ಸೂಜಿ ಮುರಿಯಿತು ಎಂದು ನನಗೆ ಕತೆ ಹೇಳುತ್ತ ತಲೆ ಬಾಚುವಳು. ಮನೆಯಲ್ಲಿ ನಗದಿದ್ದ ಅವ್ವ ಅಲ್ಲಿನ ಕತೆ ಹೇಳುವಾಗ ನಗುತ್ತಿದ್ದಳು. ನನಗೆ ಅವ್ವ ಚೆಲುವೆ ಅನಿಸಿದ್ದು ಆ ದಿನಗಳಲ್ಲಿ.

ಆಮೇಲೆ ಅವ್ವನಿಗೆ ಒಂದು ಬಸಿರು ನಿಂತು, ಇಳಿದುಹೋಯಿತು. ತಿಂಗಳುಗಳು ಕಳೆದ ಮೇಲೆ ಇನ್ನೊಂದು ನಿಂತಿತು, ಅದೂ ಉಳಿಯಲಿಲ್ಲ. ಎರಡನೆಯದು ಹೋಗುವಾಗ ಮೈಕೈ ತುಂಬಿಕೊಂಡಿತ್ತಂತೆ, ಗಂಡಾಗಿತ್ತಂತೆ. ಅಜ್ಜಿ ಅದನ್ನು ಬಂದವರಿಗೆಲ್ಲ ಹೇಳಿ ಹೇಳಿ ನಾನು ಕಂಡಷ್ಟೇ ಚೆನ್ನಾಗಿ ನನಗೆ ಗೊತ್ತು. ಅವ್ವ ಬಿಳಿಚಿಕೊಂಡಳು. ಹೊಟ್ಟೆ ಹಿಡಿದುಕೊಂಡು ಗೋಡೆಗೆ ಒರಗುವಳು. ಎತ್ತಿದ ಚೊಂಬು ಕೈಜಾರುವುದು. ಆಸ್ಪತ್ರೆಯಲ್ಲಿ ರಕ್ತ ಕಮ್ಮಿ ಎಂದು ಮಾತ್ರೆ ಕೊಟ್ಟರು. ನನಗೂ ಆಗಾಗ ಹೊಟ್ಟೆ ಮುರಿದುಕೊಂಡು ಬರುತ್ತಿತ್ತು, ಅದಕ್ಕೆ ಅಜ್ಜಿಯ ಬಳಿ ಹರಳೆಣ್ಣೆ ಇತ್ತು. ಒಂದು ಬೆಳಿಗ್ಗೆ ಅವ್ವ ಹಲ್ಲುಜ್ಜಿ ಉಗುಳುವಾಗ ಅಜ್ಜಿಯ ಕಣ್ಣು ಅವಳ ಬಾಯಿಗೆ ಬಿತ್ತು. ಹಲ್ಲು ಒಸಡಿಗೆ ಸೇರುವಲ್ಲಿ ಉದ್ದಕ್ಕೂ ಒಂದು ನೀಲಿ ಗೆರೆ, ಪೆನ್ಸಿಲಿನಲ್ಲಿ ಎಳೆದ ಹಾಗೆ. ಅಜ್ಜಿ ಲಾರಿ ಸೀಟಿನಿಂದ ಎದ್ದು ಬಂದು ಅವ್ವನ ಗಲ್ಲ ಹಿಡಿದು ತುಟಿ ಮೇಲೆತ್ತಿ ನೋಡಿದಳು. ಎದುರು ಮನೆಗೆ ಕೇಳುವ ಹಾಗೆ ಕೂಗಿದಳು.

“ನೋಡ್ರೋ! ಪ್ಯಾಂಟಿನ ನೀಲಿ ಮೈಯಾಗೆ ಇಳಿದೈತೆ! ಇದು ಒಳಗಿರಬೇಕಾದ್ರೆ ಕೂಸು ಎಂಗೆ ಉಳ್ದಾತು? ಬಣ್ಣದ ನೀರ್ನಾಗೆ ಸಸಿ ನೆಟ್ಟಂಗಾತು!”

ಗಂಗಮ್ಮ ಓಡಿ ಬಂದಳು, ಅವಳೂ ನೋಡಿದಳು.

“ಹೌದ್ರಿ ಅಜ್ಜೀ, ನೀಲಿ ಐತಿ. ಆದರ ನಾನೂ ಅಲ್ಲೇ ಕುಂದ್ರತೀನಲ್ರಿ, ನನಗ ಯಾಕ ಇಲ್ಲ?”

“ನಿನ್ ಮೈ ಗಟ್ಟಿ ಕಣಮ್ಮ, ನಮ್ಮವಳ ಮೈ ಬಣ್ಣ ಈರ್ಕಂತೈತೆ.”

ಅಷ್ಟಕ್ಕೆ ವಿಚಾರಣೆ ಮುಗಿಯಿತು. ನೀಲಿ ಎಂದರೆ ಜೀನ್ಸು ಎಂದು ಆ ಊರಿನಲ್ಲಿ ಯಾರಿಗೆ ಅನಿಸುತ್ತಿರಲಿಲ್ಲ ಹೇಳಿ! ಚರಂಡಿಯಲ್ಲಿ ಹರಿಯುವುದು ನೀಲಿ, ಬೇಲಿಯ ಮೇಲೆ ಒಣಗುವುದು ನೀಲಿ, ನಾಯಿಯ ಬಾಲಕ್ಕೂ ನೀಲಿ. ಅಪ್ಪ ಶೆಡ್ಡಿನಿಂದ ಬಂದು ಎಲ್ಲ ಕೇಳಿಸಿಕೊಂಡು, “ಸ್ವಲ್ಪ ದಿನ ಮನೇಲಿರು” ಎಂದ. ಮಿಷಿನ್ ತುಳಿದು ಗರ್ಭ ಅಲುಗಿತು, ಬಣ್ಣ ಕುಡಿದು ಕೂಸು ಸತ್ತಿತು ಎಂದು ಅಜ್ಜಿ ಎರಡು ಕಾರಣಗಳನ್ನು ಜೊತೆಗೆ ಕಟ್ಟಿಟ್ಟುಕೊಂಡಳು. ಒಂದು ಸೋತರೆ ಇನ್ನೊಂದು ಇರಲಿ ಎಂದು. ನಮ್ಮೂರ ಕಡೆಯ ದೇವರು, ಹೇಮಾವತಿಯ ಸಿದ್ದಪ್ಪನಿಗೆ ಹರಕೆ ಹೊತ್ತಳು. ಸಿಟ್ಟು ಬಂದಾಗ ಅವ್ವನನ್ನು ಕರೆಯಲು ಹೊಸ ಹೆಸರೂ ಸಿಕ್ಕಿತು: ಕೂಸು ತಿಂದೋಳು.

ಅವ್ವ ಮನೆಯಲ್ಲಿ ಉಳಿದಳು. ಬೆರಳಿನ ನೀಲಿ ಒಂದು ವಾರದಲ್ಲಿ ಹೋಯಿತು. ಒಸಡಿನ ನೀಲಿ ಹೋಗಲಿಲ್ಲ. ಹೋಗುವುದಿರಲಿ, ಇನ್ನಷ್ಟು ಕಪ್ಪಾಯಿತು. ಗಾರ್ಮೆಂಟ್ಸಿಗೆ ಹೋಗುವಾಗ ಮಧ್ಯಾಹ್ನ ಗಂಗಮ್ಮನ ರೊಟ್ಟಿ, ಶೇಂಗಾ ಚಟ್ನಿ ಹಂಚಿಕೊಂಡು ತಿನ್ನುತ್ತಿದ್ದವಳು ಈಗ ಎರಡು ಹೊತ್ತೂ ತಪ್ಪಲೆಯ ಸಾರು, ಚೊಂಬಿನ ಮಜ್ಜಿಗೆ ಉಣ್ಣುತ್ತಿದ್ದಳು. ಹೊಟ್ಟೆನೋವು ಬಂದರೆ ಮಂಡಿ ಎದೆಗೆ ಒತ್ತಿ ಮಲಗುವಳು. ಅಜ್ಜಿ ಮಾತ್ರ, ಬಣ್ಣ ಒಳಗಿಂದ ಇಳಿಯಬೇಕಾದರೆ ವರ್ಷಗಟ್ಟಲೆ ಬೇಕು, ಒಗೆದರೆ ಹೋಗಲು ಅದೇನು ಸೀರೆಯೇ ಎನ್ನುವಳು. ಅವ್ವ ದಿನವೂ ಬಸ್ಸಿನ ಕನ್ನಡಿಯ ಮುಂದೆ ನಿಂತು ತುಟಿ ಎತ್ತಿ ನೋಡಿಕೊಳ್ಳುವುದನ್ನು ನಾನು ಕಂಡೆ. ಅವಳಿಗೆ ಬೇಕಾಗಿದ್ದದ್ದು ಇಷ್ಟೇ, ಆ ಗೆರೆ ಹೋದರೆ ಮತ್ತೆ ಕೆಲಸಕ್ಕೆ ಹೋಗಬಹುದು.

ಒಂದು ಭಾನುವಾರ ಮಧ್ಯಾಹ್ನ ಊಟ ಮುಗಿಸಿ ಅಪ್ಪ ಅಂಗಳದಲ್ಲಿ ಮಲಗಿದ್ದ, ಬಾಯಿ ತೆರೆದು ಗೊರಕೆ. ನಾನೂ ಅವ್ವನೂ ಅವರೆಕಾಯಿ ಸುಲಿಯುತ್ತ ಕೂತಿದ್ದೆವು. ಅವ್ವನ ಕೈ ನಿಂತಿತು. ಎದ್ದು ಹೋಗಿ ಅಪ್ಪನ ಮುಖದ ಮೇಲೆ ಬಾಗಿದಳು. ವಾಪಸು ಬಂದು ನನ್ನ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿ ತುಟಿ ಎತ್ತಿ ನೋಡಿದಳು. ಅಪ್ಪ ಎದ್ದು ಮುಖ ತೊಳೆಯುವ ತನಕ ಕಾದಳು.

“ನಿನ್ನ ಒಸಡ್ನಾಗೂ ನೀಲಿ ಐತೆ. ಮಗೀಗೂ ಐತೆ, ಸಣ್ಣಗೆ. ನೀನ್ಯಾವ ಪ್ಯಾಂಟು ಒಲಿದೆ?”

ಅಪ್ಪ ನಕ್ಕ. ಹೊಗೆಸೊಪ್ಪಿನ ಕರೆ ಎಂದ. ಮಗು ಹೊಗೆಸೊಪ್ಪು ಹಾಕುತ್ತದೆಯೇ ಎಂದು ಅವ್ವ ಕೇಳಿದಳು. ಅವನು ಟವೆಲ್ಲು ಹೆಗಲಿಗೆ ಹಾಕಿಕೊಂಡು ಹೊರಗೆ ಹೋದ. ಅಜ್ಜಿಗೆ ಹಲ್ಲೇ ಇರಲಿಲ್ಲವಾದ್ದರಿಂದ ಅವಳ ಒಸಡು ಯಾವ ಸಾಕ್ಷಿಯನ್ನೂ ಹೇಳುವ ಹಾಗಿರಲಿಲ್ಲ. ನಾವು ಮೂವರು ಜೊತೆಯಾಗಿ ಮಾಡುವುದು ಏನು ಎಂದು ಅವ್ವ ಯೋಚಿಸುತ್ತ ಹೋದಳಂತೆ. ಜೊತೆಯಾಗಿ ಮಾಡುವುದು ಊಟ ಒಂದೇ.

ಕಲಾಯಿಯವರು ಎಲ್ಲಾದರೂ ಇದ್ದಾರೆಯೇ ಎಂದು ಗಂಗಮ್ಮನನ್ನು ಕೇಳಿದಳು. ಕೋಟೆಯ ಕೆಳಗಿನ ಓಣಿಯಲ್ಲಿ ಒಬ್ಬ ಮುದುಕರು ಮದುವೆಯ ಹಂಡೆಗಳಿಗೆ ಇನ್ನೂ ಕಲಾಯಿ ಹಾಕುತ್ತಾರೆ ಎಂದು ತಿಳಿಯಿತು. ಅಜ್ಜಿ ಗುಡಿಗೆ ಹೋದ ಸೋಮವಾರ ಅವ್ವ ತಪ್ಪಲೆಯನ್ನು ಸೀರೆಯ ತುಂಡಿನಲ್ಲಿ ಸುತ್ತಿ, ನನ್ನನ್ನು ಕರೆದುಕೊಂಡು ಹೋದಳು. ಆ ಮುದುಕರು ತಪ್ಪಲೆಯೊಳಗೆ ಹೆಬ್ಬೆರಳು ಒತ್ತಿ ಎಳೆದು, ಅದನ್ನು ತಮ್ಮ ಬಿಳಿ ಬನಿಯನ್ನಿಗೆ ಒರೆಸಿಕೊಂಡರು. ಬನಿಯನ್ನಿನ ಮೇಲೆ ಬೂದುಗೆರೆ ಮೂಡಿತು.

“ಇದು ಯಾರು ಹಾಕ್ಯಾರಮ್ಮಾ? ಇದರಾಗ ತವರ ಕಡಿಮಿ, ಸೀಸ ಜಾಸ್ತಿ ಐತಿ. ಗಾಡಿಗೆ ಹಾಕೋ ಮಾಲು ಇದು. ಇದರಾಗ ಹುಳಿ ಕುದಸ್ತೀರೇನ್ರಿ?”

“ದಿನಾ ಕುದಿಸ್ತೀವಿ ಸಾಬ್ರೆ.”

“ಯಾ ಅಲ್ಲಾ. ಬ್ಯಾಡ್ರಿ. ಹುಳಿ ಸೀಸಾನ ತಿಂತೈತಿ, ಅದನ್ನ ನೀವು ತಿಂತೀರಿ. ನಮ್ಮ ಅಪ್ಪ ಕೈ ಹೊಡೆದು ಹೇಳಿ ಕಲಿಸಿದ್ದು ಇದೊಂದ. ಬಸುರಿ ಬಾಣಂತಿ ಇರೋ ಮನಿಗಂತೂ ಬ್ಯಾಡಾ.”

ಅವ್ವ ಅಲ್ಲೇ ಅವರ ಮೆಟ್ಟಿಲ ಮೇಲೆ ಕೂತಳು. ಅಳಲಿಲ್ಲ. ತಪ್ಪಲೆಯನ್ನು ಮಡಿಲಲ್ಲಿ ಇಟ್ಟುಕೊಂಡು ಅದರ ಒಳಗನ್ನೇ ನೋಡುತ್ತಿದ್ದಳು. ಹೊಸ ಕಲಾಯಿ ಹಾಕಿಕೊಡುತ್ತೇನೆ ಎಂದು ಅವರು ಅಂದಾಗ, ಬೇಡ, ಹೀಗೇ ಇರಲಿ, ಇದನ್ನು ಮನೆಯವರು ನೋಡಬೇಕು ಎಂದಳು. ಸೀಸ ಬಸುರಿಗೆ ಏನು ಮಾಡುತ್ತದೆ, ಒಸಡಿಗೆ ಯಾಕೆ ನೀಲಿ ತರುತ್ತದೆ ಎಂದು ನಾನು ದೊಡ್ಡವಳಾದ ಮೇಲೆ ಓದಿ ತಿಳಿದುಕೊಂಡೆ. ಆ ಎರಡು ಕೂಸುಗಳು ಅದರಿಂದಲೇ ಹೋದವು ಎಂದು ಯಾರೂ ಬರೆದು ಕೊಡಲಾರರು. ಆದರೆ ಮಿಷಿನ್ನಿನಿಂದ ಹೋದವು ಎಂದೂ ಯಾರೂ ಬರೆದು ಕೊಟ್ಟಿರಲಿಲ್ಲ. ಅವ್ವನನ್ನು ದೂರಲು ಯಾರಿಗೂ ಬರೆಹ ಬೇಕಾಗಿರಲಿಲ್ಲ.

ಅವತ್ತು ಸಂಜೆ ಅವ್ವ ತಪ್ಪಲೆಯನ್ನು ಶೆಡ್ಡಿಗೇ ಒಯ್ದಳು. ಅಪ್ಪ ಒಂದು ಜೀಪಿನ ಮಡ್ಗಾರ್ಡಿಗೆ ಅರ ತಿಕ್ಕುತ್ತಿದ್ದ. ಮುದುಕರು ಹೇಳಿದ್ದನ್ನು ಒಂದಕ್ಷರ ಬಿಡದೆ ಹೇಳಿದಳು. ಅಪ್ಪ ಮೊದಲು, ಕಲಾಯಿಯವನಿಗೇನು ಗೊತ್ತು ಎಂದ. ಅವ್ವ ತನ್ನ ಬಿಳಿ ಲಂಗದ ಅಂಚನ್ನು ತಪ್ಪಲೆಯೊಳಗೆ ಉಜ್ಜಿ ಅವನ ಮುಂದೆ ಹಿಡಿದಳು. ಅಪ್ಪ ತನ್ನ ಕಡ್ಡಿಯ ಬಣ್ಣವನ್ನು ಗುರುತಿಸದೆ ಇರುವವನಲ್ಲ. ಅವನ ಕೈಯಲ್ಲಿದ್ದ ಅರ ಕೆಳಗೆ ಬಂತು. ಆ ಒಂದು ಗಳಿಗೆ ನನಗೆ ಅವನ ಮೇಲೆ ಕನಿಕರವಾಯಿತು, ಅದನ್ನು ಇಲ್ಲವೆನ್ನುವುದಿಲ್ಲ. ಗೊತ್ತಿಲ್ಲದೆ ಮಾಡಿದ್ದು. ಗೊತ್ತಿಲ್ಲದೆ ಮಾಡಿದ್ದಕ್ಕೆ ಅವ್ವನೂ ಅವನನ್ನು ಬೈಯಲಿಲ್ಲ.

“ಆಗಿದ್ದು ಆತು. ನೀನು ಬೇಕಂತ ಮಾಡ್ಲಿಲ್ಲ. ಅತ್ತೆಗೆ ಈ ಮಾತು ನೀನೇ ಏಳು. ನಾನು ಏಳಿದ್ರೆ ನಂಬಕ್ಕಿಲ್ಲ. ಇದು ಮಿಷಿನ್ನಿಂದ ಅಲ್ಲ ಅಂತ ಒಂದು ಮಾತು ಏಳಿಬಿಡು, ನಂಗಷ್ಟೇ ಸಾಕು.”

“ವಯಸ್ಸಾದ ಜೀವ ಕಣೆ. ಮಗನೇ ಇಂಗೆ ಮಾಡ್ದ ಅಂತ ಗೊತ್ತಾದ್ರೆ ಎದೆ ಒಡ್ಕಂಡು ಸಾಯ್ತಾಳೆ. ಓಣಿಗೆ ಗೊತ್ತಾದ್ರೆ ನನ್ ಶೆಡ್ಡಿಗೆ ಯಾರು ಬರ್ತಾರೆ? ತಪ್ಪಲೆ ಆಚೆಗಾಕನ. ಮುಗೀತಲ್ಲ.”

“ನನ್ನ ಕೂಸು ತಿಂದೋಳು ಅಂತಾಳೆ.”

“ಅಂದ್ಕಳ್ಲಿ ಬಿಡು. ಅವಳ ಬಾಯಿ ನಿಂಗೊತ್ತಿಲ್ವಾ.”

ಅಂದ್ಕಳ್ಲಿ ಬಿಡು. ನನ್ನ ಅಪ್ಪ ಆಡಿದ ಸಾವಿರ ಮಾತುಗಳಲ್ಲಿ ನಾನು ಮರೆಯದೇ ಉಳಿಸಿಕೊಂಡದ್ದು ಇದನ್ನು. ಮರುದಿನ ತಪ್ಪಲೆಯೂ ಚೊಂಬೂ ಕಾಣಲಿಲ್ಲ. ಸ್ಟೀಲಿನ ಹೊಸ ಪಾತ್ರೆಗಳು ಬಂದವು. ಅಜ್ಜಿ ಹುಡುಕಾಡಿ ಕೂಗಾಡಿದಾಗ ಅಪ್ಪ ತಲೆ ಎತ್ತದೆ, ತಳ ಒಡೆದಿತ್ತು ಎಂದ. ತಳ ಯಾರು ಒಡೆದರು? ಇನ್ಯಾರು, ಅವ್ವ! ತನ್ನ ತವರಿನ ತಪ್ಪಲೆಯನ್ನು ಸೊಸೆ ಬಡಿದು ಹಾಳು ಮಾಡಿದಳು ಎಂದು ಅಜ್ಜಿ ಎರಡು ದಿನ ಉಣ್ಣದೆ ಕೂತಳು. ಮೂರನೆಯ ದಿನ ಸ್ಟೀಲು ಪಾತ್ರೆಯ ಸಾರಿನಲ್ಲಿ ಹುಳಿ ಹೆಚ್ಚಾಗಿದೆ ಎಂದು ಅದಕ್ಕೂ ಬೈದಳು. ಅಪ್ಪ ಮುದ್ದೆ ಮುರಿಯುತ್ತ ಎದುರಿಗೇ ಕೂತಿದ್ದ. ಎಲ್ಲಿ ಬಡಿದಿತ್ತು ಎನ್ನುವುದು ಕಾಣದ ಹಾಗೆ ಮಾಡುವುದರಲ್ಲಿ ಅವನಿಗೆ ಸಮ ಯಾರೂ ಇರಲಿಲ್ಲ.

ಆ ವಾರವೇ ಅವ್ವ ಯಾರನ್ನೂ ಕೇಳದೆ ಗಾರ್ಮೆಂಟ್ಸಿಗೆ ಹೊರಟಳು. ಅಜ್ಜಿ ವ್ಯಾನಿನ ಬಾಗಿಲಿಗೆ ಅಡ್ಡ ಕೂತಳು. ಅವ್ವ ಅಪ್ಪನ ಕಡೆ ತಿರುಗಿ, “ನೀನು ಏಳಿದ ದಿನ ನಾನು ಮನೇಲಿ ಕೂರ್ತೀನಿ” ಎಂದಳು. ಏನು ಹೇಳಬೇಕು ಎಂದು ಅಜ್ಜಿ ಕೇಳಿದಳು. ಅಪ್ಪ, “ಓಗ್ಲಿ ಬಿಡವ್ವ” ಎಂದ. ಅಜ್ಜಿಯನ್ನು ದಾಟಿ ಹೋದ ಅವ್ವ ಮತ್ತೆ ನಿಲ್ಲಲಿಲ್ಲ. ಒಸಡಿನ ಗೆರೆ ಮಳೆಗಾಲ ಕಳೆಯುವಷ್ಟರಲ್ಲಿ ಮಾಸಿತು, ಮಿಷಿನ್ ತುಳಿಯುತ್ತಿರುವಾಗಲೇ. ಮಿಷಿನ್ ತುಳಿಯುತ್ತಿರುವಾಗಲೇ ಬಸಿರೂ ನಿಂತಿತು, ಹೆರಿಗೆಯ ಹಿಂದಿನ ವಾರದ ತನಕ ಜೇಬು ಹೊಲಿದಳು, ನನ್ನ ತಮ್ಮ ಗುಂಡುಕಲ್ಲಿನ ಹಾಗೆ ಹುಟ್ಟಿದ. ಅಷ್ಟಾದ ಮೇಲಾದರೂ ಅಜ್ಜಿಗೆ ಅರ್ಥವಾದೀತು ಎಂದು ನಾನು ಕಾದೆ. ಸಿದ್ದಪ್ಪ ಕೊಟ್ಟ ಎಂದಳು. ಎಲ್ಲರೂ ಬಸ್ಸು ಹತ್ತಿ ಹೇಮಾವತಿಗೆ ಹೋಗಿ ಹರಕೆ ಒಪ್ಪಿಸಿ ಬಂದೆವು. ಅಲ್ಲಿನ ಗುಡಿಯ ದೊಡ್ಡ ಬಸವನ ಮುಂದೆ ಅಪ್ಪ ಉದ್ದಕ್ಕೆ ಬಿದ್ದು ನಮಸ್ಕರಿಸಿ ಎಷ್ಟು ಹೊತ್ತಾದರೂ ಏಳಲಿಲ್ಲ. ಭಕ್ತಿ ಎಂದುಕೊಂಡರು. ದೇವರಿಗೆ ಹೇಳಿಕೊಂಡನೇನೋ. ದೇವರಿಗೆ ಹೇಳುವುದು ಸುಲಭ, ದೇವರು ಓಣಿಯವರಿಗೆ ಹೇಳುವುದಿಲ್ಲವಲ್ಲ.

ನೀನೇ ಯಾಕೆ ಹೇಳಿಬಿಡಲಿಲ್ಲ ಎಂದು ನಾನು ದೊಡ್ಡವಳಾದ ಮೇಲೆ ಅವ್ವನನ್ನು ಕೇಳಿದ್ದೇನೆ. ನಾನು ಹೇಳಿದರೆ ಅದು ಗಂಡನ ಮೇಲೆ ಹಾಕಿದ ದೂರಾಗುತ್ತದೆ, ಅವನು ಹೇಳಿದರೆ ಮಾತ್ರ ನಿಜವಾಗುತ್ತದೆ ಎಂದಳು. ನನಗೆ ಆ ಉತ್ತರ ಇವತ್ತಿಗೂ ಹಿಡಿಸಿಲ್ಲ. ಅವಳು ಹೇಳಿದ್ದು ಸುಳ್ಳು ಎನ್ನಲೂ ಬಾಯಿ ಬರುವುದಿಲ್ಲ. ಆ ಮನೆ ನನಗೆ ಕಲಿಸಿದ್ದು ಇಷ್ಟು. ಸದ್ದುಮಾಡದೆ ತಪ್ಪು ಸರಿಪಡಿಸುವ ಗಂಡಸರನ್ನು ಲೋಕ ಒಳ್ಳೆಯವರು ಎನ್ನುತ್ತದೆ. ನನ್ನ ಗಂಡ ಏನನ್ನಾದರೂ ಒಡೆದು, ನನಗೆ ತಿಳಿಯುವ ಮುಂಚೆ ಅಂಥದೇ ಇನ್ನೊಂದನ್ನು ತಂದಿಟ್ಟರೆ ನಾನು ರಂಪ ಮಾಡುತ್ತೇನೆ. ಒಂದು ಲೋಟಕ್ಕೆ ಇಷ್ಟು ಕೂಗಾಟವೇ ಎಂದು ಅವರಿಗೆ ಆಶ್ಚರ್ಯ. ಒಡೆದೆ ಎಂದು ಬಾಯಿಬಿಟ್ಟು ಹೇಳಿ ಎನ್ನುತ್ತೇನೆ. ಹೇಳಿದ ಮೇಲೆ ಲೋಟ ಬಾರದಿದ್ದರೂ ನನಗೆ ಚಿಂತೆಯಿಲ್ಲ.

ಅಜ್ಜಿ ಹಾಸಿಗೆ ಹಿಡಿದಾಗ ನಾನು ಗಂಡನ ಮನೆಯಿಂದ ಬಂದಿದ್ದೆ. ಅಷ್ಟು ವರ್ಷ ಕೂಸು ತಿಂ​ದೋಳು ಎನ್ನಿಸಿಕೊಂಡವಳೇ ಅವಳ ಮೈ ಒರೆಸಿ, ಬಟ್ಟೆ ಬದಲಿಸಿ, ಗಂಜಿ ಕುಡಿಸುತ್ತಿದ್ದಳು. ಬೆಳಗಿನಿಂದ ಮಾತು ಕಡಿಮೆಯಾಗಿತ್ತು. ಮಧ್ಯಾಹ್ನ ಓಣಿಯವರು ಬಂದು ಕೋಣೆ ತುಂಬಿದರು. ಗಂಗಮ್ಮ ತಲೆಯ ಹತ್ತಿರ, ಅಪ್ಪ ಕಾಲಿನ ಹತ್ತಿರ ಕೂತು ಅಂಗಾಲು ಉಜ್ಜುತ್ತಿದ್ದ, ಅವ್ವ ಲೋಟ ಹಿಡಿದು ಚಮಚದಲ್ಲಿ ನೀರು ಬಿಡುತ್ತಿದ್ದಳು. ಅಜ್ಜಿ ಕಣ್ಣು ತೆರೆದು ಅವ್ವನ ಮಣಿಕಟ್ಟು ಹಿಡಿದಳು. ಎಲ್ಲರಿಗೂ ಕೇಳುವ ಹಾಗೆಯೇ ಹೇಳಿದಳು.

“ಸಾವಿತ್ರಿ, ನನ್ ಮಾತು ಕೇಳ್ದೆ ಮಿಷಿನ್ ತುಳಿದು ಎಲ್ಡು ಕೂಸು ಕಳೆದೆ. ಓಗ್ಲಿ ಬಿಡವ್ವ. ನನ್ ಸೇವೆ ಮಾಡಿ ತೀರಿಸ್ದೆ. ನನ್ ಮನಸ್ನಾಗೆ ಏನೂ ಇಲ್ಲ, ಎಲ್ಲಾ ಮಾಫಿ ಮಾಡಿದೀನಿ.”

ಹೆಂಗಸರು ಸೆರಗಿನಿಂದ ಕಣ್ಣು ಒರೆಸಿಕೊಂಡರು. ಅವ್ವನ ಚಮಚ ಅರ್ಧದಲ್ಲೇ ನಿಂತಿತು. ಅವಳು ತಲೆ ಎತ್ತಿ ಅಪ್ಪನನ್ನು ನೋಡಿದಳು. ನಾನೂ ನೋಡಿದೆ. ಅಪ್ಪನ ಕೈ ನಿಂತಿತು, ತುಟಿ ಅಲುಗಿತು. ಈಗ ಹೇಳುತ್ತಾನೆ ಎಂದುಕೊಂಡೆ. ಅವ್ವ ಕಾದಳು. ಆಮೇಲೆ ಅಪ್ಪ ತಲೆ ತಗ್ಗಿಸಿ ಅಂಗಾಲನ್ನು ಇನ್ನಷ್ಟು ಜೋರಾಗಿ ಉಜ್ಜತೊಡಗಿದ.

“ಆಯ್ತತ್ತೆ” ಎಂದಳು ಅವ್ವ. “ನೀರು ಕುಡಿ.”

ಆಗ ಅಪ್ಪ ಅತ್ತ. ನಾನು ಅವನು ಅತ್ತದ್ದನ್ನು ಅದುವರೆಗೆ ಕಂಡಿರಲಿಲ್ಲ. ಅಜ್ಜಿಯ ಕಾಲಿಗೆ ಹಣೆ ಒತ್ತಿ, ಭುಜ ಕುಣಿಸುತ್ತ, ಸಣ್ಣ ಹುಡುಗನ ಹಾಗೆ ಅತ್ತ. ಕೋಣೆಯಲ್ಲಿದ್ದವರೆಲ್ಲ ಅವನ ಕಡೆ ತಿರುಗಿದರು. ಒಬ್ಬರು ಬೆನ್ನು ಸವರಿದರು, ಒಬ್ಬರು ತೋಳು ಹಿಡಿದು ಎಬ್ಬಿಸಿ ಗೋಡೆಗೆ ಒರಗಿಸಿದರು. ತಾಯಿಯ ಮ್ಯಾಲ ಎಷ್ಟು ಜೀವ ನೋಡ್ರಿ ಈ ಮನಷ್ಯಾಗ, ಎಂದರು ಯಾರೋ. ಗಂಗಮ್ಮ ಅವ್ವನ ಕೈಯಿಂದ ಲೋಟ ತೆಗೆದುಕೊಂಡು ಹೋಗಿ ಅವನಿಗೆ ನೀರು ಕುಡಿಸಿದಳು.